ಅಜ್ಜಿಯ ಪೆಟ್ಟಿಗೆಯ ತುಗ್ರಾ ನಾಣ್ಯ: ಆಟೊಮನ್ ಕಾಲದ್ದೋ, ಇತ್ತೀಚಿನ ನಕಲೋ?

ಪ್ರಶ್ನೆ: ನಮ್ಮೂರು ಕಲಬುರಗಿ. ಅಜ್ಜಿಯ ಪೆಟ್ಟಿಗೆಯಲ್ಲಿ ಅರಬ್ಬಿ ಬರಹದ ಮೂರು ನಾಣ್ಯಗಳು ಸಿಕ್ಕಿವೆ. ಒಂದು ದೊಡ್ಡ ಬೆಳ್ಳಿಯದು, ಒಂದು ತೂತಿರುವ ತೆಳು ಚಿನ್ನದ್ದು, ಇನ್ನೊಂದು ಕಂದು ಬಣ್ಣದ ತಾಮ್ರದ್ದು. ಮೂರರ ಮೇಲೂ ಅಕ್ಷರಗಳನ್ನೇ ಹೆಣೆದು ಮಾಡಿದ ಒಂದೇ ಬಗೆಯ ಮುದ್ರೆ ಇದೆ. ಹಜ್ ಯಾತ್ರೆಗೆ ಹೋಗಿದ್ದ ಹಿರಿಯರು ತಂದದ್ದು, ಟರ್ಕಿಯ ಸುಲ್ತಾನರ ನಾಣ್ಯ ಎಂದು ಮನೆಯಲ್ಲಿ ಹೇಳುತ್ತಾರೆ. ಮೊನ್ನೆ ಇಸ್ತಾಂಬುಲ್‌ಗೆ ಹೋಗಿದ್ದ ಅಣ್ಣ ಅಂಥದ್ದೇ ಹಳದಿ ನಾಣ್ಯವೊಂದನ್ನು ಬಜಾರಿನಲ್ಲಿ ಕೊಂಡು ತಂದಿದ್ದಾನೆ. ಯಾವುದು ಅಸಲಿ, ಯಾವುದು ನಕಲಿ ಎಂದು ಗುರುತಿಸುವುದು ಹೇಗೆ? ಕಪ್ಪಾಗಿರುವುದನ್ನು ತಿಕ್ಕಿ ತೊಳೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ತಿಕ್ಕಬೇಡಿ. ಹುಣಸೆಹಣ್ಣು, ವಿಭೂತಿ, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ತಿಕ್ಕಿದ ನಾಣ್ಯದ ಬೆಲೆ ಇಳಿಯುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಅಸಲಿ ನಕಲಿಯನ್ನು ಹೇಳುವ ಸಾಕ್ಷಿಯಲ್ಲಿ ದೊಡ್ಡ ಪಾಲು ಆ ಕಪ್ಪು ಪದರದಲ್ಲೇ ಇರುತ್ತದೆ. ಅದನ್ನು ತೆಗೆದ ಮೇಲೆ ಪರಿಣತರಿಗೂ ಹೇಳಲು ಅರ್ಧ ಮಾತೇ ಉಳಿಯುತ್ತದೆ.

ಪರೀಕ್ಷೆಗೆ ಒಂದು ಕ್ರಮವಿದೆ: ಮೊದಲು ಓದಬೇಕು, ಆಮೇಲೆ ತೂಗಬೇಕು, ಕೊನೆಗೆ ಲೂಪಿನಲ್ಲಿ, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿಯಲ್ಲಿ, ನೋಡಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬಣ್ಣ, ಕೊಳೆ, ಸವೆತ ನೋಡಿ ‘ಹಳೇದೇ ಇರಬೇಕು’ ಎಂದು ತೀರ್ಮಾನಿಸಿಬಿಡುತ್ತಾರೆ. ನಕಲು ಮಾಡುವವರು ಅತಿ ಹೆಚ್ಚು ಶ್ರಮ ಹಾಕುವುದೇ ಆ ಹಳೆತನದ ನೋಟಕ್ಕೆ. ಇಸವಿಯ ಲೆಕ್ಕದಲ್ಲಿ, ಲೋಹದ ತೂಕದಲ್ಲಿ ಅವರು ಅಷ್ಟು ಎಚ್ಚರ ವಹಿಸುವುದಿಲ್ಲ.

ನೀವು ಹೇಳುವ ಹೆಣೆದ ಮುದ್ರೆಯ ಹೆಸರು ತುಗ್ರಾ. ಅದು ಸುಲ್ತಾನನ ಸಹಿ: ಅವನ ಹೆಸರು, ತಂದೆಯ ಹೆಸರು, ‘ಸದಾ ವಿಜಯಿ’ ಎಂಬ ಅರ್ಥದ ‘ಅಲ್ ಮುಜಫ್ಫರ್ ದಾಯಿಮಾ’. ಇದನ್ನು ಓದಲು ಬಾರದಿದ್ದರೂ ಅಂಗಾಂಗಗಳನ್ನು ಗುರುತಿಸಲು ಕಲಿಯಬಹುದು. ನೆಟ್ಟಗೆ ಮೇಲೇಳುವ ಮೂರು ಕಂಬಗಳು, ಅವುಗಳಿಂದ ಇಳಿಬಿದ್ದ ಅಲೆಯಂಥ ಗೆರೆಗಳು, ಎಡಕ್ಕೆ ಒಂದರೊಳಗೊಂದು ಕೂತ ಎರಡು ಅಂಡಾಕಾರದ ಕುಣಿಕೆಗಳು, ಬಲಕ್ಕೆ ಚಾಚಿದ ಎರಡು ತೋಳುಗಳು, ಕೆಳಗೆ ಒತ್ತೊತ್ತಾಗಿ ಪೇರಿಸಿದ ಹೆಸರುಗಳು. ಮೂರು ಕಂಬ ಮೇಲೆ ಬರುವಂತೆ ನಾಣ್ಯ ಹಿಡಿಯಿರಿ. ಕುಣಿಕೆಗಳು ಎಡಗಡೆಯೇ ಇರಬೇಕು. ಬಲಕ್ಕೆ ಬಂದಿದ್ದರೆ ಅದು ಕನ್ನಡಿ ಬಿಂಬ. ಅಂದರೆ ಅಚ್ಚು ಕೆತ್ತಿದವನಿಗೆ ಅಕ್ಷರವೇ ಗೊತ್ತಿರಲಿಲ್ಲ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಆಭರಣಕ್ಕೂ ವೇಷಭೂಷಣಕ್ಕೂ ಮಾಡುವ ಹಿತ್ತಾಳೆ ಬಿಲ್ಲೆಗಳಲ್ಲಿ ಈ ತಪ್ಪು ಸಾಮಾನ್ಯ.

ಇನ್ನು ಅಂಕಿಗಳು. ಇಲ್ಲಿ ಕನ್ನಡ ಓದುಗರಿಗೆ ಒಂದು ಮೋಸವಿದೆ. ನಮ್ಮ ಸೊನ್ನೆಯಂತೆ ಕಾಣುವ ಸಣ್ಣ ವೃತ್ತ ಅಲ್ಲಿ ಐದು. ಅಲ್ಲಿನ ಸೊನ್ನೆ ಬರೀ ಒಂದು ಚುಕ್ಕೆ. ಹಾಗಾಗಿ 1255 ಎಂಬುದು ನಮ್ಮ ಕಣ್ಣಿಗೆ 1200 ಎಂದು ಕಾಣುತ್ತದೆ. ನೆಟ್ಟನೆಯ ಗೆರೆ ಒಂದು. ಆ ಗೆರೆಯ ತಲೆಗೆ ಬಲಕ್ಕೆ ಒಂದು ಕೊಕ್ಕೆ ಇದ್ದರೆ ಎರಡು, ಎರಡು ಹಲ್ಲಿದ್ದರೆ ಮೂರು. ಮೇಲೆ ತೆರೆದುಕೊಂಡ ಮೂಲೆ ಏಳು, ಅದನ್ನೇ ಮಗುಚಿದರೆ ಎಂಟು. ಒಂಬತ್ತು ಇಂಗ್ಲಿಷಿನ ಒಂಬತ್ತಿನಂತೆಯೇ ಇದೆ. ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮಂತೆ ಎಡದಿಂದ ಬಲಕ್ಕೇ ಓದಬೇಕು. ನಾಣ್ಯ ತಲೆಕೆಳಗಾಗಿದ್ದರೆ ಏಳೂ ಎಂಟೂ ಅದಲುಬದಲಾಗುವುದರಿಂದ ಮೊದಲು ನಾಣ್ಯದ ನೆಲೆ ಸರಿಮಾಡಿಕೊಳ್ಳಿ.

ನಾಣ್ಯದ ಮೇಲಿನ ನಾಲ್ಕಂಕಿಯ ಇಸವಿ ಅದು ತಯಾರಾದ ವರ್ಷವಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯ. ಹದಿನೆಂಟನೇ ಶತಮಾನದ ನಡುವಿನಿಂದ ಮುಂದಕ್ಕೆ ಆಟೊಮನ್ ನಾಣ್ಯಗಳಲ್ಲಿ ಸುಲ್ತಾನ ಪಟ್ಟಕ್ಕೆ ಬಂದ ಹಿಜರಿ (ಇಸ್ಲಾಮಿಕ್ ಪಂಚಾಂಗದ) ವರ್ಷ ಹಾಗೇ ನಿಲ್ಲುತ್ತದೆ. ಬೇರೆಡೆ, ಸಾಮಾನ್ಯವಾಗಿ ತುಗ್ರಾದ ಕೆಳಗೆ ಅಥವಾ ಹಿಂಬದಿಯ ಬರಹದ ಮೇಲೆ, ಆಳ್ವಿಕೆಯ ಎಷ್ಟನೇ ವರ್ಷ ಎಂಬ ಒಂದೆರಡು ಅಂಕಿ ಇರುತ್ತದೆ. ಎರಡನ್ನೂ ಕೂಡಿಸಿ ಒಂದು ಕಳೆದರೆ ನಿಜವಾದ ಹಿಜರಿ ವರ್ಷ ಬರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ. ಉದಾಹರಣೆಗೆ 1255 ಮತ್ತು 19 ಎಂದಿದ್ದರೆ ಹಿಜರಿ 1273, ಅಂದರೆ ಸುಮಾರು 1857.

ಈ ಲೆಕ್ಕವೇ ನಿಮ್ಮ ಕೈಯಲ್ಲಿರುವ ಅತ್ಯಂತ ಹರಿತವಾದ, ಖರ್ಚಿಲ್ಲದ ಆಯುಧ. ಮೂರನೇ ಸೆಲೀಮನ 1203ಕ್ಕೆ ಆಳ್ವಿಕೆಯ ವರ್ಷ 19ನ್ನು ಮೀರುವುದಿಲ್ಲ. ಎರಡನೇ ಮಹಮೂದನ 1223ಕ್ಕೆ 32, ಅಬ್ದುಲ್ ಮಜೀದನ 1255ಕ್ಕೆ 23, ಅಬ್ದುಲ್ ಅಜೀಜನ 1277ಕ್ಕೆ 15, ಎರಡನೇ ಅಬ್ದುಲ್ ಹಮೀದನ 1293ಕ್ಕೆ 34, ಐದನೇ ಮೆಹಮದ್ ರೆಶಾದನ 1327ಕ್ಕೆ 10, ಕೊನೆಯವನಾದ ಆರನೇ ಮೆಹಮದನ 1336ಕ್ಕೆ 5. ನಾಣ್ಯದ ಮೇಲೆ 1327 ಇದ್ದು ಆಳ್ವಿಕೆಯ ವರ್ಷ 14 ಎಂದಿದ್ದರೆ ತೂಗುವ ಅಗತ್ಯವೇ ಇಲ್ಲ. 1293ರಲ್ಲಿ ಒಂದು ತೊಡಕಿದೆ. ಅದೇ ವರ್ಷ ಐದನೇ ಮುರಾದ್ ಪಟ್ಟಕ್ಕೆ ಬಂದು ಮೂರೇ ತಿಂಗಳಲ್ಲಿ ಪದಚ್ಯುತನಾದ. ಅವನ ನಾಣ್ಯಗಳ ಮೇಲೂ 1293, ಆಳ್ವಿಕೆಯ ವರ್ಷ 1. ಅವು ಅಪರೂಪವಾದ್ದರಿಂದ ಅಬ್ದುಲ್ ಹಮೀದನ ಮೊದಲ ವರ್ಷದ ನಾಣ್ಯವನ್ನು ‘ಮುರಾದ್’ ಎಂದು ಹೇಳಿ ಮಾರುವವರಿದ್ದಾರೆ. ತುಗ್ರಾದ ಕೆಳಭಾಗವನ್ನು ಖಚಿತವಾಗಿ ಗೊತ್ತಿರುವ ಮಾದರಿಯ ಜೊತೆ ಹೋಲಿಸದೆ ಆ ಮಾತನ್ನು ನಂಬಬೇಡಿ.

ತುಗ್ರಾದ ಬಲಕ್ಕೆ ಉಳಿದ ಜಾಗವನ್ನೂ ನೋಡಿ. ಅಬ್ದುಲ್ ಹಮೀದನ ಮೊದಲ ವರ್ಷಗಳಲ್ಲಿ ಅಲ್ಲಿ ಹೂವಿರುತ್ತದೆ, ಏಳನೇ ವರ್ಷದ ಹೊತ್ತಿಗೆ ‘ಅಲ್ ಘಾಜಿ’ ಎಂಬ ಬಿರುದು ಬರುತ್ತದೆ. ರೆಶಾದನ ನಾಣ್ಯಗಳಲ್ಲಿ ಮೊದಲು ‘ರೆಶಾದ್’, ಕೊನೆಯ ವರ್ಷಗಳಲ್ಲಿ ‘ಅಲ್ ಘಾಜಿ’. 1293, ಆಳ್ವಿಕೆಯ ವರ್ಷ 30 ಎಂದಿದ್ದು ಬಲಕ್ಕೆ ಹೂವಿರುವ ಲಿರಾ ಎಂಬ ಚಿನ್ನದ ನಾಣ್ಯ ಸಿಕ್ಕರೆ, ಎರಡು ಬೇರೆ ನಾಣ್ಯಗಳ ಅಚ್ಚು ಕೂಡಿಸಿದ್ದಾರೆಂದು ತಿಳಿಯಿರಿ. ಟಂಕಸಾಲೆಯ ಹೆಸರು ಹಿಂಬದಿಯಲ್ಲಿರುತ್ತದೆ. ಬಹುಪಾಲು ‘ಕುಸ್ತಂತೀನಿಯ’, ಹದಿನೆಂಟನೇ ಶತಮಾನದವುಗಳಲ್ಲಿ ‘ಇಸ್ಲಾಂಬೂಲ್’ ಕೂಡ ಉಂಟು, ಈಜಿಪ್ಟಿನದಾದರೆ ‘ಮಿಸ್ರ್’.

ಈಗ ನಿಮ್ಮ ಕಂದು ತಾಮ್ರದ ನಾಣ್ಯ. ಕಲಬುರಗಿ ಎಂದಿರುವುದರಿಂದಲೇ ನನಗೆ ಅನುಮಾನ. ಅದು ಟರ್ಕಿಯದ್ದಲ್ಲ, ನಿಜಾಮರದ್ದು ಇರಬಹುದು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಬಂದ ಎರಡು ಪೈ ಮತ್ತು ಅರ್ಧ ಆಣೆಯ ನಾಣ್ಯಗಳ ಮೇಲೂ ತುಗ್ರಾ ಇದೆ, ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲೂ ಅದು ಮುಂದುವರಿಯಿತು. ಇಸವಿ ಹಿಜರಿ 1320ರ ದಶಕದ್ದೋ 1330ರ ದಶಕದ್ದೋ ಆಗಿರುವುದರಿಂದ ರೆಶಾದನ 1327ರ ಜೊತೆ ಗೊಂದಲ ಸಹಜ. ಹಿಂಬದಿಯಲ್ಲಿ ‘ಫರ್ಖುಂದಾ ಬುನಿಯಾದ್ ಹೈದರಾಬಾದ್’ ಎಂಬ ಟಂಕಸಾಲೆಯ ಹೆಸರಿದೆಯೇ ಎಂದು ಉರ್ದು ಬಲ್ಲವರಿಂದ ಓದಿಸಿ, ನಿಮ್ಮೂರಿನಲ್ಲಿ ಅವರಿಗೆ ಬರವಿಲ್ಲ. ಅದಿದ್ದರೆ ನಾಣ್ಯ ಪೂರ್ತಿ ಅಸಲಿ, ದೇಶ ಮಾತ್ರ ಬೇರೆ. ಟಿಪ್ಪುವಿನ ಹಾಗೂ ಮೊಘಲರ ನಾಣ್ಯಗಳನ್ನೂ ನಮ್ಮಲ್ಲಿ ಕೆಲವರು ‘ಟರ್ಕಿಯದ್ದು’ ಎಂದು ತೋರಿಸುತ್ತಾರೆ. ಟಿಪ್ಪುವಿನ ತಾಮ್ರದ ಕಾಸುಗಳಲ್ಲಿ ತುಗ್ರಾ ಅಲ್ಲ, ಆನೆ ಇರುತ್ತದೆ.

ಬೆಳ್ಳಿಯದಕ್ಕೆ ಬರೋಣ. 1844ರಲ್ಲಿ ಅಬ್ದುಲ್ ಮಜೀದ್ ನಾಣ್ಯ ಪದ್ಧತಿಯನ್ನೇ ಬದಲಿಸಿದ. ಅಲ್ಲಿಂದ ಮುಂದೆ ತೂಕ, ಶುದ್ಧತೆ ಎರಡೂ ಕರಾರುವಾಕ್ಕು. ‘ಮೆಜಿದಿಯೆ’ ಎಂದು ಹೆಸರಾದ 20 ಕುರುಶ್ (ಟರ್ಕಿಯ ಹಣದ ಏಕಮಾನ) ಬೆಳ್ಳಿ ನಾಣ್ಯ 24.05 ಗ್ರಾಂ, ಅಗಲ ಸುಮಾರು 37 ಮಿಲಿಮೀಟರ್, ನೂರಕ್ಕೆ 83 ಭಾಗ ಬೆಳ್ಳಿ. ಅದರ ಕೆಳಗಿನವು ಸರಿಯಾದ ಪಾಲಿನಲ್ಲೇ ಇಳಿಯುತ್ತವೆ: 10 ಕುರುಶ್ 12.03, 5 ಕುರುಶ್ 6.01, 2 ಕುರುಶ್ 2.40, 1 ಕುರುಶ್ 1.20 ಗ್ರಾಂ. ಹೊಸ ಪದ್ಧತಿಯ ಈ ನಾಣ್ಯಗಳ ಮೇಲೆ 1255ರ ಜೊತೆ ಆಳ್ವಿಕೆಯ ವರ್ಷ 5ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ.

0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಬಳಕೆಯಲ್ಲಿ ಸವೆದ ಮೆಜಿದಿಯೆ 23.6ರಿಂದ 24 ಗ್ರಾಂ ಆಸುಪಾಸು ತೂಗಬಹುದು. ತೂಕವನ್ನು ಸವೆತದ ಜೊತೆಗೇ ನೋಡಬೇಕು. ಅಕ್ಷರಗಳೆಲ್ಲ ನುಣ್ಣಗಾಗಿ 23.3 ಗ್ರಾಂ ಬಂದರೆ ನಂಬಬಹುದು. ಗೆರೆಗೆರೆಯೂ ಹರಿತವಾಗಿದ್ದು 21 ಗ್ರಾಂ ಬಂದರೆ ಆ ಮೂರು ಗ್ರಾಂ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರವಿಲ್ಲ. ಬೆಳ್ಳಿ ಲೇಪಿಸಿದ ಸತು ಮಿಶ್ರಲೋಹದ ನಕಲುಗಳು ಸಿಕ್ಕಿಬೀಳುವುದೇ ಇಲ್ಲಿ.

ತೂಕ ಸರಿ ಬಂದರೂ ಲೋಹ ಬೇರೆ ಇರಬಹುದು. ಅದಕ್ಕೆ ನೀರಿನ ಪರೀಕ್ಷೆ. ಸಣ್ಣ ಲೋಟದಲ್ಲಿ ಅರ್ಧ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳುವಾದ ನೈಲಾನ್ ದಾರ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಸಲಿ ಮೆಜಿದಿಯೆ ನೀರಿನಲ್ಲಿ ಸುಮಾರು 2.36 ತೋರಿಸಬೇಕು, ಅಂದರೆ ಸಾಂದ್ರತೆ 10.2. ಅದೇ ತೂಕದ ಹಿತ್ತಾಳೆ 2.8ರ ಹತ್ತಿರ, ಸತುವಿನ ಮಿಶ್ರಲೋಹ 3.5ರ ಹತ್ತಿರ ತೋರಿಸುತ್ತದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಈ ಉಪಾಯ ಚಿಕ್ಕ ನಾಣ್ಯಗಳಿಗೆ ಮಾತ್ರ ಒಗ್ಗುವುದಿಲ್ಲ. 1 ಕುರುಶ್ ನೀರಿನಲ್ಲಿ ತೋರಿಸುವುದೇ 0.12. ಅಲ್ಲಿ ತಕ್ಕಡಿ 0.01ರಷ್ಟು ತಪ್ಪಿದರೂ ಸಾಂದ್ರತೆ ಒಂದಂಶ ಹೆಚ್ಚುಕಡಿಮೆಯಾಗಿ ಏನನ್ನೂ ಹೇಳಲಾಗದು.

ನಿಮ್ಮ ದೊಡ್ಡ ನಾಣ್ಯ 1844ಕ್ಕಿಂತ ಹಿಂದಿನದಾದರೆ ಕಥೆಯೇ ಬೇರೆ. ಮೂರನೇ ಸೆಲೀಮ್, ಎರಡನೇ ಮಹಮೂದ್ ಕಾಲದ ‘ಬೆಳ್ಳಿ’ಯಲ್ಲಿ ತಾಮ್ರ ಬಹಳ. ಖಜಾನೆ ಬರಿದಾದಂತೆಲ್ಲ ಸರ್ಕಾರ ಬೆಳ್ಳಿ ಇಳಿಸಿ ತಾಮ್ರ ಏರಿಸುತ್ತ ಹೋಯಿತು. ಬಿಲ್ಲೆಯನ್ನು ಆಮ್ಲದಲ್ಲಿ ಅದ್ದಿದಾಗ ಮೇಲ್ಮೈಯ ತಾಮ್ರ ಕರಗಿ ತೆಳುವಾದ ಬೆಳ್ಳಿ ಪದರ ಉಳಿಯುತ್ತಿತ್ತು. ಬಳಸುತ್ತ ಬಳಸುತ್ತ ಅದು ಸವೆದು ಉಬ್ಬಿದ ಭಾಗಗಳಲ್ಲಿ ಕೆಂಪು ಇಣುಕುತ್ತದೆ. ಜನ ಅದನ್ನು ನೋಡಿ ‘ಪಾಲಿಶ್ ಹೊಡೆದ ತಾಮ್ರ, ನಕಲಿ’ ಎಂದು ಎಸೆಯಲು ಹೊರಡುತ್ತಾರೆ. ದಯವಿಟ್ಟು ಆ ತಪ್ಪು ಮಾಡಬೇಡಿ. ಈ ನಾಣ್ಯಗಳಲ್ಲಿ ಕೆಂಪು ಇಣುಕುವುದು ಅಸಲಿತನಕ್ಕೆ ಹೊಂದುವ ಲಕ್ಷಣ. ಅದೇ ಕೆಂಪು 83 ಭಾಗ ಬೆಳ್ಳಿಯ ಮೆಜಿದಿಯೆಯಲ್ಲಿ ಕಂಡರೆ ನಕಲಿಯ ಲಕ್ಷಣ. ಹೀಗಾಗಿಯೇ ಮೊದಲು ಓದಬೇಕು ಎಂದದ್ದು. ಯಾವ ಕಾಲದ್ದೆಂದು ಗೊತ್ತಾಗದೆ ಬಣ್ಣಕ್ಕೆ ಅರ್ಥವಿಲ್ಲ.

ಅಯಸ್ಕಾಂತದ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಆದರೆ ಅದರಿಂದ ತಿಳಿಯುವುದು ಕಡಿಮೆ. ಹಿತ್ತಾಳೆ, ಸತು, ತಾಮ್ರ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಅಂಟದಿದ್ದ ಮಾತ್ರಕ್ಕೆ ಬೆಳ್ಳಿಯಾಗದು. ಬೆಳ್ಳಿಯೆಂದು ಮಾರಿದ್ದು ಅಂಟಿದರೆ ಒಳಗೆ ಕಬ್ಬಿಣವಿದೆ. ರೆಶಾದನ ಕಾಲದಲ್ಲಿ 5, 10, 20, 40 ಪಾರಾಗಳ (ಪಾರಾ ಎಂದರೆ ಕುರುಶ್‌ಗಿಂತ ಸಣ್ಣ ಚಿಲ್ಲರೆ) ನಿಕಲ್ ನಾಣ್ಯಗಳು ಬಂದವು. ನಿಕಲ್ ಅಯಸ್ಕಾಂತಕ್ಕೆ ಅಂಟುವ ಲೋಹವಾದ್ದರಿಂದ ಅವನ್ನು ಮಾತ್ರ ಈ ಕಾರಣಕ್ಕೆ ನಕಲಿ ಎನ್ನಬಾರದು.

ಆಭರಣದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ನಾಣ್ಯಕ್ಕೆ ಗಾಯ ಮಾಡದೆ ಲೋಹದ ಪಾಲು ಹೇಳುತ್ತದೆ, ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ಎರಡೂ ಬದಿ, ಅಂಚು ಸೇರಿ ಮೂರ್ನಾಲ್ಕು ಕಡೆ ಓದಿಸಿ. ಮೆಜಿದಿಯೆಗೆ 83ಕ್ಕಿಂತ ಸ್ವಲ್ಪ ಹೆಚ್ಚು ಬಂದರೆ ತಪ್ಪಿಲ್ಲ, ಹಳೆಯ ಬೆಳ್ಳಿಯ ಮೇಲ್ಪದರದಲ್ಲಿ ತಾಮ್ರ ಕಡಿಮೆಯಾಗಿರುತ್ತದೆ. ಎಲ್ಲ ಕಡೆಯೂ ನೆಟ್ಟಗೆ 92.5 ಬಂದರೆ ಎಚ್ಚರ, ಅದು ಇಂದಿನ ಆಭರಣ ಬೆಳ್ಳಿಯ ಮಟ್ಟ. ಚಿನ್ನದಲ್ಲಿ ಈ ಅನುಕೂಲವಿಲ್ಲ. 1844ರ ನಂತರದ ಲಿರಾ 22 ಕ್ಯಾರೆಟ್, ಅಂದರೆ ನಮ್ಮ 916. ನಮ್ಮ ಅಕ್ಕಸಾಲಿಯೊಬ್ಬರು ಅಚ್ಚು ಮಾಡಿ ಒತ್ತಿದರೂ ಶುದ್ಧತೆ ಅಷ್ಟೇ ಬರುತ್ತದೆ. ಒರೆಗಲ್ಲಿಗೆ ಉಜ್ಜಲು, ಅರದಿಂದ ಅಂಚು ಕೆರೆಯಲು ಯಾರಿಗೂ ಬಿಡಬೇಡಿ.

ಲೂಪಿನ ಕೆಲಸ ಈಗ. ಹತ್ತು ಪಟ್ಟಿನದು ಬೇಕು, ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳಬೇಕು. ಅಕ್ಷರದ ಗೋಡೆ ನಾಣ್ಯದ ಬಯಲನ್ನು ಸೇರುವ ಮೂಲೆಯಲ್ಲಿ ಕಣ್ಣಿಡಿ. ಅಚ್ಚಿನಿಂದ ಒತ್ತಿದ್ದರಲ್ಲಿ ಆ ಮೂಲೆ ಚೂಪು, ಅಂಚಿನ ಹತ್ತಿರ ಲೋಹ ಹೊರಮುಖವಾಗಿ ಹರಿದ ಸೂಕ್ಷ್ಮ ಗೆರೆಗಳೂ ಕಾಣಬಹುದು. ಎರಕ ಹೊಯ್ದದ್ದರಲ್ಲಿ ಮೂಲೆ ದುಂಡಾಗಿ ಜಾರುತ್ತದೆ, ಬಯಲಿನಲ್ಲಿ ಸೂಜಿಮೊನೆಯಷ್ಟು ಗುಂಡನೆ ಕುಳಿಗಳು, ಕೆಲವೊಮ್ಮೆ ಗುಂಡನೆ ಉಬ್ಬುಗಳು ಇರುತ್ತವೆ, ಏಕೆಂದರೆ ಕರಗಿದ ಲೋಹದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮಣ್ಣಿನಲ್ಲಿ ಕೊರೆದ ಕುಳಿಗಳಾದರೆ ವಕ್ರವಾಗಿ, ಒಂದೊಂದು ಒಂದೊಂದು ಆಕಾರದಲ್ಲಿರುತ್ತವೆ. ನಾಣ್ಯವನ್ನು ನಿಲ್ಲಿಸಿ ಅಂಚನ್ನು ಪೂರ್ತಿ ಒಂದು ಸುತ್ತು ನೋಡಿ. ನಡುವೆ ಹಾದುಹೋಗುವ ಕೂಡುಗೆರೆ, ಅಥವಾ ಅದನ್ನು ಅಳಿಸಲು ಅರ ಎಳೆದ ಗುರುತು ಕಂಡರೆ ಎರಡು ಅರ್ಧದ ಅಚ್ಚಿನಲ್ಲಿ ಹೊಯ್ದದ್ದು.

ಸವೆತ ಎಲ್ಲಿದೆ ಎಂಬುದೂ ಮಾತಾಡುತ್ತದೆ. ಕೈಯಿಂದ ಕೈಗೆ ಹೋದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಭಾಗ, ಅಕ್ಷರಗಳ ಸಂದು ಹರಿತವಾಗಿಯೇ ಉಳಿದಿರುತ್ತದೆ. ಸವೆದ ನಾಣ್ಯದಿಂದ ತೆಗೆದ ನಕಲಿನಲ್ಲಿ ಎತ್ತರವೂ ಸಂದೂ ಒಂದೇ ಸಮನೆ ಮಸುಕು. ಕಪ್ಪನ್ನು ಪರೀಕ್ಷಿಸಲು ಹತ್ತಿಗೆ ಅಸಿಟೋನ್ ಅದ್ದಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಒಂದು ಮೂಲೆಯಲ್ಲಿ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಬಣ್ಣ, ಮೆರುಗೆಣ್ಣೆಯಾದರೆ ಹತ್ತಿಗೆ ಹತ್ತುತ್ತದೆ. ಬೆಳ್ಳಿ ತಾನಾಗಿ ಕಪ್ಪಾದದ್ದು ಅಸಿಟೋನಿಗೆ ಜಗ್ಗುವುದಿಲ್ಲ.

ತೂತಿನ ಚಿನ್ನದ ನಾಣ್ಯ ಒಣಗಿದ ಅರಳಿ ಎಲೆಯಷ್ಟು ತೆಳುವಾಗಿ ಬಾಗುವಂತಿದ್ದರೆ ಗಾಬರಿಯಾಗಬೇಡಿ, ಹದಿನೆಂಟನೇ ಶತಮಾನದ ಹಾಗೂ ಹತ್ತೊಂಬತ್ತರ ಆರಂಭದ ಆಟೊಮನ್ ಚಿನ್ನ ಹಾಗೇ ಇರುತ್ತಿತ್ತು. ‘ಝೆರಿ ಮಹಬೂಬ್’ ಸುಮಾರು 2.4ರಿಂದ 2.6 ಗ್ರಾಂ, ‘ಫಿಂದಿಕ್’ ಸುಮಾರು 3.4 ಗ್ರಾಂ, ಇವುಗಳ ಅರ್ಧ, ಕಾಲು ಕೂಡ ಇದ್ದವು. ಹೆಂಗಸರು ಸರಕ್ಕೂ ತಲೆವಸ್ತ್ರಕ್ಕೂ ಪೋಣಿಸುತ್ತಿದ್ದುದರಿಂದ ತೂತು ಸಾಮಾನ್ಯ. ಅದು ಬೆಲೆ ಇಳಿಸುತ್ತದೆ, ಅಸಲಿತನವನ್ನಲ್ಲ. ಮೊಳೆ ಹೊಡೆದು ಮಾಡಿದ ಹಳೆಯ ತೂತಿಗೆ ಒಂದು ಬದಿಯಲ್ಲಿ ಉಬ್ಬಿದ ತುಟಿ ಇರುತ್ತದೆ, ದಾರ ಎಳೆದಾಡಿದ ಕಡೆ ಅದು ನುಣುಪಾಗಿ ಉದ್ದವಾಗಿರುತ್ತದೆ. ಡ್ರಿಲ್ ಹಾಕಿದ್ದು ಸರಿಯಾದ ವೃತ್ತ. ಆಮೇಲೆ ನಾಣ್ಯವನ್ನು ಮಗುಚಿ. ಮುಂದಿನ ಉಬ್ಬಿಗೆ ಹಿಂದೆ ಅಷ್ಟೇ ತಗ್ಗು ಇದ್ದು, ಹಿಂಬದಿಗೆ ಸ್ವಂತ ಬರಹವೇ ಇಲ್ಲದಿದ್ದರೆ ಅದು ತಗಡಿನಲ್ಲಿ ಒತ್ತಿದ ಆಭರಣದ ಬಿಲ್ಲೆ. ಅಸಲಿಯಲ್ಲೂ ಮುಂಬದಿಯ ನೆರಳು ಹಿಂದೆ ಮೂಡಬಹುದು, ಆದರೆ ಎರಡೂ ಬದಿಗೆ ತಮ್ಮತಮ್ಮ ಅಕ್ಷರ ಇರುತ್ತವೆ.

ಅದು ದಪ್ಪಗಿದ್ದು 22 ಮಿಲಿಮೀಟರ್ ಅಗಲವಿದ್ದರೆ ಲಿರಾ, ಅಂದರೆ 100 ಕುರುಶ್. ತೂಕ 7.2 ಗ್ರಾಂ, ನೀರಿನಲ್ಲಿ 0.41, ಸಾಂದ್ರತೆ ಸುಮಾರು 17.6. ಅಜ್ಜಿಯ ಕಾಲದ ಹಜ್ ಯಾತ್ರಿಕರ ಕೈಗೆ ಬಂದಿರಬಹುದಾದ ಚಿನ್ನ ಹೆಚ್ಚಾಗಿ ಇದೇ. ಸಾಧಾರಣ ವರ್ಷದ ಲಿರಾ ಚಿನ್ನದ ದರದ ಆಸುಪಾಸಿನಲ್ಲೇ ಮಾರಾಟವಾಗುತ್ತದೆ, ಆದ್ದರಿಂದ ತೂಕವೂ ಸಾಂದ್ರತೆಯೂ ಕೂಡಿಬಂದರೆ ನಿಮಗೆ ದೊಡ್ಡ ನಷ್ಟವೇನಿಲ್ಲ. ಅಪರೂಪದ ವರ್ಷ ಎಂದು ಯಾರಾದರೂ ಹೆಚ್ಚು ಹಣ ಕೇಳಿದಾಗ ಮಾತ್ರ ಅಕ್ಷರವಿನ್ಯಾಸವನ್ನು ಗೆರೆಗೆರೆಯಾಗಿ ಹೋಲಿಸಬೇಕು.

ಅಣ್ಣ ತಂದ ಹಳದಿ ನಾಣ್ಯ ಹಿತ್ತಾಳೆಯ ಸ್ಮರಣಿಕೆ ಆಗಿರುವ ಸಂಭವವೇ ಹೆಚ್ಚು. ಅವು ಒಂದೇ ಅಚ್ಚಿನಿಂದ ಸಾಲಾಗಿ ಬರುತ್ತವೆ, ಆದ್ದರಿಂದ ಅದೇ ಅಂಗಡಿಯ ಇತರ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇರುತ್ತದೆ. ಬಜಾರಿನಲ್ಲಿ ಸಿಗುವ ಇನ್ನೊಂದು ಬಗೆ ಅರಬ್ಬಿ ಅಕ್ಷರವಿದ್ದರೂ ತುಗ್ರಾ ಇಲ್ಲದ, ಚಂದ್ರ, ನಕ್ಷತ್ರ, ಗೋಧಿ ತೆನೆ ಇರುವ ನಾಣ್ಯ. ಇಸವಿ 1340 ಅಥವಾ 1341 ಇದ್ದರೆ ಅದು ಟರ್ಕಿ ಗಣರಾಜ್ಯದ ಮೊದಲ ವರ್ಷಗಳದ್ದು. ನಕಲಿಯಲ್ಲ, ಸುಲ್ತಾನರದ್ದೂ ಅಲ್ಲ. ಇನ್ನು ಅಕ್ಚೆ ಎಂಬ ಪುಟ್ಟ ಬೆಳ್ಳಿ ನಾಣ್ಯಗಳನ್ನು ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಮೊದಲಿಗೆ ಒಂದು ಗ್ರಾಂ ಮೀರಿದ್ದ ಅವು ಹದಿನೇಳನೇ ಶತಮಾನದಲ್ಲಿ 0.3 ಗ್ರಾಂ ಆಸುಪಾಸಿಗೆ ಇಳಿದಿದ್ದವು. ಅವು ಸೊಟ್ಟಗೆ, ಬರಹ ಅರ್ಧ ತಪ್ಪಿದಂತಿರುವುದೇ ಸಹಜ, ಚೊಕ್ಕ ವೃತ್ತವಾಗಿದ್ದರೆ ಅನುಮಾನಿಸಿ.

ಮುಂದೆ ಇಸ್ತಾಂಬುಲ್‌ನಲ್ಲಿ ಅಸಲಿ ಕೊಳ್ಳುವ ಯೋಚನೆ ಇದ್ದರೆ ಅಲ್ಲಿನ 1983ರ ಸಾಂಸ್ಕೃತಿಕ ಮತ್ತು ನೈಸರ್ಗಿಕ ಸಂಪತ್ತಿನ ಸಂರಕ್ಷಣಾ ಕಾಯ್ದೆ, ಸಂಖ್ಯೆ 2863, ತಿಳಿದಿರಲಿ. ಅಬ್ದುಲ್ ಮಜೀದನಿಂದ ಕೊನೆಯವನವರೆಗಿನ ಆರು ಸುಲ್ತಾನರ ನಾಣ್ಯಗಳನ್ನು ದೇಶದೊಳಗೆ ನೋಂದಣಿಯಿಲ್ಲದೆ ಕೊಳ್ಳಬಹುದು, ಮಾರಬಹುದು. ದೇಶದಿಂದ ಹೊರಗೆ ಒಯ್ಯುವುದಕ್ಕೆ ಅದು ಅನುಮತಿಯಲ್ಲ. ವಸ್ತುಸಂಗ್ರಹಾಲಯದ ಲಿಖಿತ ಪತ್ರವಿಲ್ಲದೆ ಹಳೆಯ ನಾಣ್ಯ ಚೀಲದಲ್ಲಿಟ್ಟು ವಿಮಾನ ಹತ್ತಬೇಡಿ. ನಮ್ಮ ದೇಶದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅಜ್ಜಿಯ ನಾಣ್ಯಗಳನ್ನು ಪರೀಕ್ಷೆಗೆಂದು ವಿದೇಶಕ್ಕೆ ಅಂಚೆಯಲ್ಲಿ ಕಳಿಸುವಂತಿಲ್ಲ.

ಕಳಿಸುವ ಅಗತ್ಯವೂ ಇಲ್ಲ, ಒಳ್ಳೆಯ ಚಿತ್ರ ಸಾಕು. ಫ್ಲ್ಯಾಶ್ ಇಲ್ಲದೆ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ ಎರಡೂ ಬದಿ, ಜೊತೆಗೆ ಅಂಚಿನ ಎರಡು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇರಲಿ. 0.01 ಗ್ರಾಂವರೆಗಿನ ತೂಕ, ಅಗಲ, ನೀರಿನ ಅಂಕಿ, ನೀವು ಓದಿದ ಎರಡೂ ವರ್ಷಗಳನ್ನು ಬರೆದು, ಮೂರು ನಾಣ್ಯಗಳದ್ದನ್ನೂ ಬೇರೆ ಬೇರೆಯಾಗಿ ನನಗೆ ಕಳಿಸಿ.